ಐವತ್ತು ಕಿಲೋ ಎಂದು ಬರೆದವಳು

ಈ ಸಭೆಯ ಅಧ್ಯಕ್ಷರಾದ ಹುಲುಗೇಶ್ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆಯಿಂದ ಒಂದು ದಿನದ ಕೂಲಿ ಬಿಟ್ಟು ಬಂದಿರುವ ಹಮಾಲಿ ಬಂಧುಗಳೇ, ಹಿಂದಿನ ಬಾಗಿಲ ಹತ್ತಿರ ಗಾಳಿಗೆ ಕುಳಿತಿರುವ ತಾಯಂದಿರೇ, ಸಭಿಕರೇ,

ಮೊದಲಿಗೆ ಒಂದು ಕ್ಷಮೆ. ಕಾರ್ಯಕ್ರಮದ ಪಟ್ಟಿಯಲ್ಲಿ ‘ಜಂಬಮ್ಮನವರಿಗೆ ಸನ್ಮಾನ’ ಎಂದಿದೆ. ಅದನ್ನು ನಿನ್ನೆಯೇ ಬೇಡವೆಂದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ಎಂದು ನನಗೆ ಯಾವತ್ತೂ ತಿಳಿದಿಲ್ಲ. ಕಾರ್ಯದರ್ಶಿ ಶಶಿಕಾಂತ್ ನಕ್ಕರು, ಸೆಕೆಗೆ ಬೇಡವೆನ್ನುತ್ತಿದ್ದಾರೆ ಎಂದುಕೊಂಡರು. ಸೆಕೆಗಲ್ಲ. ಕಾರಣ ಬೇರೆ ಇದೆ. ಅದನ್ನು ಹೇಳಲೆಂದೇ ಬಂದಿದ್ದೇನೆ.

ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಐವತ್ತು ಕಿಲೋ ಹೋರಾಟಕ್ಕೆ ಸ್ಫೂರ್ತಿಯಾದವರು’ ಎಂದು ಅಚ್ಚಾಗಿದೆ. ಇಲ್ಲಿರುವ ಹೊಸಬರಿಗೆ ತಿಳಿದಿರಲಾರದು. ನಲವತ್ತು ವರ್ಷದ ಹಿಂದೆ ನಮ್ಮ ಗೂಡ್ಸ್ ಶೆಡ್‌ನಲ್ಲಿ ಒಬ್ಬನ ಬೆನ್ನ ಮೇಲೆ ನೂರು ಕಿಲೋ ಚೀಲ ಹೇರುತ್ತಿದ್ದರು. ೧೯೮೫ರಲ್ಲಿ ಇಪ್ಪತ್ಮೂರು ದಿನ ಮುಷ್ಕರ ನಡೆಯಿತು. ಆಮೇಲೆ ಚೀಲ ಐವತ್ತು ಕಿಲೋಗೆ ಇಳಿಯಿತು. ಆ ಮುಷ್ಕರಕ್ಕೆ ಕಿಡಿ ಹೊತ್ತಿಸಿದ್ದು ಒಂದು ಕಾಗದ. ಸೋವಿಯತ್ ರಷ್ಯಾದಲ್ಲಿ ಓದುತ್ತಿದ್ದ ಮಗಳು ತನ್ನ ಅಪ್ಪನಿಗೆ ಬರೆದ ಕಾಗದ. ಅದರಲ್ಲಿ ಒಂದು ಸಾಲು: ‘ಅಪ್ಪಾ, ಇಲ್ಲಿ ಐವತ್ತು ಕಿಲೋಗಿಂತ ಹೆಚ್ಚಿನ ಭಾರವನ್ನು ಯಾರ ಬೆನ್ನಿಗೂ ಹೇರುವುದಿಲ್ಲ.’

ಆ ಮಗಳು ನಾನು. ಆ ಸಾಲು ಸುಳ್ಳು.

ಗದ್ದಲ ಬೇಡ, ದಯವಿಟ್ಟು. ಪೂರ್ತಿ ಕೇಳಿ.

ನನ್ನ ಅಪ್ಪ ಮರಿಬಸಪ್ಪ. ಬಾದನಹಟ್ಟಿಯವರು. ಮದುವೆಯಾದ ವರ್ಷ ಊರು ಬಿಟ್ಟು ಇಲ್ಲಿಗೆ ಬಂದು ಗೂಡ್ಸ್ ಶೆಡ್‌ನಲ್ಲಿ ಹಮಾಲಿಗೆ ನಿಂತವರು. ಆಗ ನಮ್ಮಲ್ಲಿ ಎರಡು ಅಳತೆಯ ಹಳಿ ಇದ್ದವು. ಹುಬ್ಬಳ್ಳಿ ಕಡೆಯ ಮೀಟರ್ ಗೇಜ್ ಕಿರಿದು, ಮದ್ರಾಸ್ ಕಡೆಯ ಬ್ರಾಡ್ ಗೇಜ್ ಅಗಲ. ಒಂದರ ಗಾಡಿ ಇನ್ನೊಂದರ ಮೇಲೆ ಓಡುವಂತಿಲ್ಲ. ಹಾಗಾದರೆ ಸರಕು ಮುಂದೆ ಹೋಗುವುದು ಹೇಗೆ? ಎರಡು ವ್ಯಾಗನ್‌ಗಳನ್ನು ಎದುರು ಬದುರು ನಿಲ್ಲಿಸಿ, ನಡುವೆ ಹಲಗೆ ಹಾಕಿ, ಮನುಷ್ಯರು ಬೆನ್ನ ಮೇಲೆ ಹೊತ್ತು ದಾಟಿಸುವುದು. ಸರ್ಕಾರ ಎರಡು ಅಳತೆಯ ಹಳಿ ಹಾಕಿತು. ನಡುವಿನ ಅಂತರವನ್ನು ಅಪ್ಪನ ಬೆನ್ನು ತುಂಬಿಸುತ್ತಿತ್ತು. ಶೇಂಗಾ, ಹತ್ತಿಕಾಳು, ಸಿರುಗುಪ್ಪದ ಅಕ್ಕಿ. ನನ್ನ ಅವ್ವ ಜಡೆಮ್ಮ ಸಂಜೆ ಅಪ್ಪನನ್ನು ಬೋರಲು ಮಲಗಿಸಿ, ಹರಳೆಣ್ಣೆ ಹಚ್ಚಿ, ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಶಾಖ ಕೊಡುತ್ತಿದ್ದಳು.

ಅಪ್ಪ ಯೂನಿಯನ್ನಿನವರು. ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು ಯೂನಿಯನ್ ಆಫೀಸಿನಲ್ಲೇ ಕಲಿತರು. ಅವರಿಗೆ ಒಂದು ನಂಬಿಕೆ ಇತ್ತು: ರಷ್ಯಾದಲ್ಲಿ ಯಂತ್ರವೇ ಎಲ್ಲ ಎತ್ತುತ್ತದೆ, ಅಲ್ಲಿ ಹಮಾಲ ಎಂಬ ಜಾತಿಯೇ ಇಲ್ಲ. ಎಂಬತ್ತೊಂದರಲ್ಲಿ, ನನಗೆ ಹದಿನೆಂಟಾದಾಗ, ಭಾರತ-ರಷ್ಯಾ ಸ್ನೇಹ ಸಂಘವೊಂದರ ಮೂಲಕ ನನಗೆ ಅಲ್ಲಿ ರೈಲು ಸಾರಿಗೆ ಓದಲು ವಿದ್ಯಾರ್ಥಿ ವೇತನ ಸಿಕ್ಕಿತು. ಸ್ಟೇಷನ್ನಿಗೆ ಬಿಡಲು ಬಂದ ಅಪ್ಪ ಹೇಳಿದ್ದು ಒಂದೇ ಮಾತು:

‘ಜಂಬೀ, ಅಲ್ಲಿ ಹಮಾಲರು ಹೆಂಗದಾರ ನೋಡಿ ಬರಿಬೇಕು ನೀನು. ಪೇಪರ್‌ನಾಗ ಬರದಂಗ ಬ್ಯಾಡ. ನಿನ್ನ ಕಣ್ಣಿಲೆ ಕಂಡಂಗ ಬರಿ. ಇಲ್ಲಿ ಎಲ್ಲಾರಿಗೂ ಓದಿ ಹೇಳ್ತೀನಿ.’

ಇಷ್ಟೇ ಕೇಳಿದ್ದು ಅವರು. ಬೇರೆ ಏನನ್ನೂ ಕೇಳಲಿಲ್ಲ.

ಮೊದಲ ಮೂರು ವರ್ಷ ಕಂಡದ್ದನ್ನೇ ಬರೆದೆ. ಬರೆಯಲು ಒಳ್ಳೆಯದೂ ಬೇಕಾದಷ್ಟಿತ್ತು. ನಮಗೆ ಪಾಠ ಹೇಳುತ್ತಿದ್ದ ಮುದುಕಿಯೊಬ್ಬಳು ಯುದ್ಧ ಮುಗಿದ ಮೇಲೆ ಬಾಂಬಿಗೆ ಹಾಳಾದ ಹಳಿಗಳನ್ನು ಕೈಯಾರೆ ಮತ್ತೆ ಹಾಕಿದವಳು. ಗಂಡಸರು ಯುದ್ಧದಲ್ಲಿ ಸತ್ತಿದ್ದರು, ಹೆಂಗಸರೇ ಹಳಿಯ ಅಡಿಗಿಡುವ ಸ್ಲೀಪರ್ ದಿಮ್ಮಿಗಳನ್ನು ಹೊತ್ತರಂತೆ. ನಾಲ್ಕೈದು ವರ್ಷದಲ್ಲಿ ಗಾಡಿಗಳನ್ನು ಮತ್ತೆ ಓಡಿಸಿದ ಜನ ಅವರು. ಅದು ಸಣ್ಣ ಮಾತೇ? ಆದರೆ ಯುದ್ಧ ಮುಗಿದಾಗ ಹಾಕಿದ ಅದೇ ಯಂತ್ರಗಳು, ಅದೇ ಕ್ರೇನುಗಳು ನಾನು ಹೋದಾಗಲೂ ಇದ್ದವು. ಸರಕು ಹತ್ತು ಪಟ್ಟಾಗಿತ್ತು. ಒಂದು ಬೇಸಗೆ ನಮ್ಮನ್ನು ಕಪ್ಪು ಸಮುದ್ರದ ಬಂದರಿಗೆ ತರಬೇತಿಗೆ ಕಳಿಸಿದರು. ಅಲ್ಲಿ ಹದಿನೇಳು ಹಡಗು ದಡದಿಂದಾಚೆ ಲಂಗರು ಹಾಕಿ ನಿಂತಿದ್ದವು. ಏಕೆಂದು ಕೇಳಿದೆ. ಇಳಿಸಿದ ಸರಕನ್ನು ಒಯ್ಯಲು ವ್ಯಾಗನ್ ಇಲ್ಲ ಎಂದರು. ವ್ಯಾಗನ್ ಎಲ್ಲಿ ಎಂದೆ. ರಿಪೇರಿಗೆ ಹೋಗಿವೆ. ರಿಪೇರಿ ಏಕೆ ಆಗಿಲ್ಲ? ಗಾಲಿ ಬಂದಿಲ್ಲ. ಗಾಲಿ ಎಲ್ಲಿ? ಅಲ್ಲಿದ್ದ ಗುಮಾಸ್ತ ಸಮುದ್ರದ ಕಡೆ ಕೈ ತೋರಿಸಿದ: ಆ ಮೂರನೆಯ ಹಡಗಿನಲ್ಲಿವೆ. ನೀವು ನಗುತ್ತೀರಿ, ನಾವೂ ನಕ್ಕೆವು. ಅದನ್ನೂ ಅಪ್ಪನಿಗೆ ಬರೆದೆ. ಅವರು ಶೆಡ್‌ನಲ್ಲಿ ಓದಿದಾಗ ಎಲ್ಲರೂ ನಕ್ಕರಂತೆ, ‘ನಮ್ಮಂಗ ಅದಾರಲ್ಲೋ’ ಎಂದರಂತೆ.

ನಗು ಅಲ್ಲಿಗೆ ಮುಗಿಯಿತು. ಎಂಬತ್ತೈದರ ಜನವರಿಯಲ್ಲಿ ನನ್ನನ್ನು ಪಶ್ಚಿಮದ ಗಡಿಯ ಒಂದು ಸ್ಟೇಷನ್ನಿಗೆ ಹಾಕಿದರು. ಹೆಸರು ಬೇಡ. ಅಲ್ಲಿಯೂ ಎರಡು ಅಳತೆಯ ಹಳಿ! ರಷ್ಯಾದ ಹಳಿ ಯೂರೋಪಿನ ಹಳಿಗಿಂತ ನಾಲ್ಕು ಬೆರಳು ಅಗಲ. ಪಕ್ಕದ ದೇಶದ ವ್ಯಾಗನ್ ಬಂದರೆ ಜಾಕ್ ಕೊಟ್ಟು ಎತ್ತಿ, ಕೆಳಗಿನ ಗಾಲಿಗಳನ್ನು ಬದಲಿಸಿ ಮುಂದೆ ಬಿಡಬೇಕು. ಪುಸ್ತಕದಲ್ಲಿ ಹಾಗಿತ್ತು. ನಾನು ಹೋದಾಗ ಎಂಟು ಜಾಕ್‌ಗಳಲ್ಲಿ ಐದು ಕೆಟ್ಟಿದ್ದವು. ಮೂವತ್ತೈದು ವರ್ಷ ಹಳೆಯವು, ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ನಾನೂರು ವ್ಯಾಗನ್ ಸಾಲಾಗಿ ನಿಂತಿದ್ದವು. ಮೇಲಿನವರಿಗೆ ಪ್ರತಿದಿನ ‘ಇಂದಿನ ಗುರಿ ಮುಟ್ಟಿದೆ’ ಎಂದು ತಂತಿ ಹೋಗುತ್ತಿತ್ತು. ಗುರಿ ಮುಟ್ಟಿಸುತ್ತಿದ್ದವರು ಯಾರು? ಎರಡು ವ್ಯಾಗನ್ ಎದುರು ಬದುರು. ನಡುವೆ ಹಲಗೆ. ಹಲಗೆಯ ಮೇಲೆ ಮನುಷ್ಯರು. ಅವರ ಬೆನ್ನ ಮೇಲೆ ಚೀಲ.

ಆ ದಿನ ನಾನು ಹಲಗೆಯ ಪಕ್ಕ ಎಷ್ಟು ಹೊತ್ತು ನಿಂತೆನೋ ನೆನಪಿಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ, ಉಸಿರು ಬಿಟ್ಟರೆ ಹೊಗೆ. ಆದರೆ ಅವರು ಚೀಲ ಹೊತ್ತು ಮೊಣಕಾಲು ಸ್ವಲ್ಪ ಬಗ್ಗಿಸಿ, ಕತ್ತನ್ನು ಎಡಕ್ಕೆ ವಾಲಿಸಿ ನಡೆಯುವ ರೀತಿ ಇದೆಯಲ್ಲ, ಅದು ನನ್ನ ಅಪ್ಪನ ನಡಿಗೆ. ಗೋಡೆಯ ಮೇಲೆ ಕೆಂಪು ಅಕ್ಷರದ ಫಲಕ: ಒಬ್ಬರು ಐವತ್ತು ಕಿಲೋ ಮೀರಿ ಹೊರುವುದು ನಿಷಿದ್ಧ. ಚೀಲದ ಮೇಲೆ ಕಪ್ಪು ಮಸಿಯ ಮುದ್ರೆ: ಎಂಬತ್ತು ಕಿಲೋ.

ಅವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಕೊಲಾಯ್ ಎಂಬಾತ ಮಂಜುಗಡ್ಡೆ ಹಿಡಿದ ಹಲಗೆಯ ಮೇಲೆ ಜಾರಿದ. ನಲವತ್ತು ದಾಟಿದ ಮನುಷ್ಯ. ಕೆಳಗೆ ಬಿದ್ದವನ ಮೇಲೆ ಚೀಲ ಬಿತ್ತು. ಸೊಂಟ ಮುರಿಯಿತು. ನಾಲ್ಕು ಹೆಜ್ಜೆ ದೂರದಲ್ಲಿ ನಾನಿದ್ದೆ. ಚೀಲ ಸರಿಸಲು ಹೋದವರಲ್ಲಿ ನಾನೂ ಒಬ್ಬಳು. ಎಷ್ಟು ಭಾರ ಇತ್ತೆಂದು ನನ್ನ ಕೈಗೆ ಗೊತ್ತು.

ಇದನ್ನು ಇಲ್ಲಿ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ನನ್ನ ಚೀಟಿಯಲ್ಲಿ ಕಾಗದದ ವಿಷಯ ಮಾತ್ರ ಇದೆ. ಆದರೆ ಅರ್ಧ ಹೇಳಿ ಕೂತರೆ ಅದು ಇನ್ನೊಂದು ಸುಳ್ಳು.

ಪಾಳಿಯ ಮೇಲ್ವಿಚಾರಕಿ ನೀನಾ ಸ್ತೆಪಾನೊವ್ನಾ ಒಂದು ಫಾರಂ ತಂದಳು. ಅಪಘಾತದ ವರದಿ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಬರೆದಾಗಿತ್ತು. ವಿದೇಶಿ ವಿದ್ಯಾರ್ಥಿನಿ, ಯಾರ ಕಡೆಯವಳೂ ಅಲ್ಲ, ಒಳ್ಳೆಯ ಸಾಕ್ಷಿ. ಅವಳು ಕೆಟ್ಟವಳಲ್ಲ. ಮೊದಲ ದಿನವೇ ತನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ನನಗೆ ಕೊಟ್ಟಿದ್ದವಳು.

‘ಭಾರ ಐವತ್ತು ಎಂದು ಬರೆ’ ಎಂದಳು.

‘ಎಂಬತ್ತಿತ್ತು’ ಎಂದೆ.

‘ಎಂಬತ್ತು ಎಂದು ಬರೆದರೆ ತಪ್ಪು ಅವನದೇ ಆಗುತ್ತದೆ. ನಿಯಮ ಮೀರಿ ಯಾಕೆ ಹೊತ್ತೆ ಎನ್ನುತ್ತಾರೆ. ಐವತ್ತು ಅಂದರೆ ಬರೀ ಜಾರಿ ಬಿದ್ದ ಅಂತ ಆಗುತ್ತದೆ. ಅವನಿಗೇ ಒಳ್ಳೆಯದು. ನಿನಗೂ ಒಳ್ಳೆಯದು, ಹುಡುಗಿ. ನಿನ್ನ ಓದು ಇನ್ನೂ ಎರಡು ವರ್ಷ ಇದೆ.’

ನಾನು ಐವತ್ತು ಎಂದು ಬರೆದೆ. ಸಹಿ ಮಾಡಿದೆ.

ಅದೇ ಸಂಜೆ ಅಪ್ಪನಿಗೆ ಕಾಗದ ಬರೆಯಬೇಕಿತ್ತು. ವಾರಕ್ಕೊಂದು ಬರೆಯದಿದ್ದರೆ ಅವರು ಪೋಸ್ಟ್ ಆಫೀಸಿಗೆ ಹೋಗಿ ಕೂರುತ್ತಿದ್ದರು. ಏನು ಬರೆಯಲಿ? ಕಂಡದ್ದನ್ನು ಬರೆದರೆ ಅವರ ನಂಬಿಕೆ ಏನಾಗುತ್ತದೆ? ಅಂಚೆಯಲ್ಲಿ ಕಾಗದ ತೆರೆದು ಓದುವ ಸರ್ಕಾರದವರಿದ್ದರೆ ನನ್ನ ಗತಿ ಏನಾಗುತ್ತದೆ? ಬೆಳಿಗ್ಗೆ ಒಮ್ಮೆ ಬರೆದ ಕೈಗೆ ಎರಡನೆಯ ಸಲ ಕಷ್ಟವಾಗಲಿಲ್ಲ. ಗೋಡೆಯ ಮೇಲಿನ ಫಲಕವನ್ನು ಕನ್ನಡಕ್ಕೆ ಇಳಿಸಿ ಕಳಿಸಿದೆ.

ನಿಕೊಲಾಯ್‌ಗೆ ಏನಾಯಿತು? ಎರಡು ತಿಂಗಳ ಮೇಲೆ ಅವನ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದಳು. ವಿಚಾರಣೆಯಲ್ಲಿ, ‘ಐವತ್ತು ಕಿಲೋ ಹೊತ್ತವನು ಹೀಗೆ ಬೀಳುವುದಿಲ್ಲ, ಕುಡಿದು ಕೆಲಸಕ್ಕೆ ಬಂದಿದ್ದ’ ಎಂದು ತೀರ್ಮಾನ ಆಗಿತ್ತಂತೆ. ಗಾಯಕ್ಕೆ ಸಿಗಬೇಕಾದ ಪಿಂಚಣಿ ನಿಂತಿತ್ತು. ಅವಳು ಕೂಗಾಡಲಿಲ್ಲ. ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ‘ನೀನು ಕಣ್ಣಾರೆ ಕಂಡವಳು. ಎಷ್ಟಿತ್ತು?’ ಎಂದು ಕೇಳಿದಳು. ನಾನು ಚೆನ್ನಾದ ರಷ್ಯನ್ ಭಾಷೆಯಲ್ಲಿ, ವ್ಯಾಕರಣದ ಒಂದು ತಪ್ಪೂ ಇಲ್ಲದೆ, ‘ನನಗೆ ನೆನಪಿಲ್ಲ’ ಎಂದೆ.

ನೀರು ಕೊಡಿ ಸ್ವಲ್ಪ. ಸಾಕು.

ಇತ್ತ ನಿಮ್ಮ ಶೆಡ್‌ನಲ್ಲಿ ಕಾಗದ ಓದಿದ ಅಪ್ಪ ಅದನ್ನು ಎರಡನೆಯ ಸಲ ಓದಿದರಂತೆ. ಪಕ್ಕದಲ್ಲಿದ್ದ ಎರ್ರಣ್ಣನವರಿಗೆ ಹೇಳಿದರಂತೆ: ‘ನೋಡಲೇ ಎರ್ರ, ಅಲ್ಲಿ ಮನಷ್ಯಾನ ಬೆನ್ನಿಗೆ ಕಿಮ್ಮತ್ತೈತಿ. ನಮ್ಮದೇನು ಕತ್ತೆ ಬೆನ್ನೇನು?’ ಯುಗಾದಿ ಮುಗಿದ ಮೂರನೆಯ ದಿನ ಕೆಲಸ ನಿಂತಿತು. ಎರ್ರಣ್ಣ ಆಗ ಶೆಡ್‌ನ ಅತಿ ಗಟ್ಟಿ ಆಳು. ಗೇಟಿನ ಮುಂದೆ ಮೊದಲು ಕುಳಿತವರು ಅವರು, ಪೊಲೀಸರು ಮೊದಲು ಎತ್ತಿಕೊಂಡು ಹೋದದ್ದೂ ಅವರನ್ನೇ. ಇಪ್ಪತ್ಮೂರನೆಯ ದಿನ ಗುತ್ತಿಗೆದಾರರು ಐವತ್ತು ಕಿಲೋಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಎರ್ರಣ್ಣನ ಹೆಸರು ಯಾವ ಗ್ಯಾಂಗಿನಲ್ಲೂ ಇರಕೂಡದು. ಎರ್ರಣ್ಣನೇ ಮುಂದೆ ಬಂದು, ‘ಬರಕೋರಿ, ನಾ ಹೋಗ್ತೀನಿ’ ಎಂದು ಹೆಬ್ಬೆಟ್ಟು ಒತ್ತಿ ಕುರುಗೋಡಿಗೆ ಹೋದರು. ಅಲ್ಲಿ ಬೇರೆಯವರ ಹೊಲದಲ್ಲಿ ನೀರು ಕಟ್ಟುವ ಕೆಲಸ ಹಿಡಿದರು. ಅವರು ಗೆದ್ದುಕೊಟ್ಟ ಐವತ್ತು ಕಿಲೋ ಚೀಲವನ್ನು ಅವರು ಒಂದು ದಿನವೂ ಹೊರಲಿಲ್ಲ.

ಎಂಬತ್ತೇಳರಲ್ಲಿ ನಾನು ಓದು ಮುಗಿಸಿ ಬಂದೆ. ಗಾಡಿ ಇಳಿದ ಕೂಡಲೇ ಅಪ್ಪ ನನ್ನನ್ನು ಮನೆಗೆ ಕರೆದೊಯ್ಯಲಿಲ್ಲ, ಶೆಡ್‌ಗೆ ಕರೆದೊಯ್ದರು. ‘ಇಕಿನ ನೋಡ್ರಪಾ ಬರದಾಕಿ’ ಎಂದರು. ಜನ ಕೈ ಮುಗಿದರು. ಮುಷ್ಕರದ ಸುದ್ದಿ ನನಗೆ ಕಾಗದದಲ್ಲಿ ಬಂದಿತ್ತು, ಅದಕ್ಕೆ ಬುಡ ನನ್ನ ಸಾಲು ಎಂಬುದು ಅವತ್ತೇ ತಿಳಿದದ್ದು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ನೂರು ಜನ ನೋಡುತ್ತಿದ್ದರು. ಅಪ್ಪ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಆಮೇಲೆ ರೈಲ್ವೆಗೆ ಸೇರಿ ಸರಕು ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದೆ. ಯಾವ ಶೆಡ್‌ಗೆ ತಪಾಸಣೆಗೆ ಹೋದರೂ ಮೊದಲು ಒಂದು ಚೀಲವನ್ನು ತೂಕದ ಕಾಟಾದ ಮೇಲೆ ಇಡಿಸುತ್ತಿದ್ದೆ. ನನ್ನ ಬೆನ್ನ ಹಿಂದೆ ನನಗೆ ‘ಕಾಟಾ ಜಂಬಮ್ಮ’ ಎನ್ನುತ್ತಿದ್ದರು. ಬಹಳ ಕಟ್ಟುನಿಟ್ಟಿನ ಹೆಂಗಸು ಎಂದು ಹೊಗಳಿಕೆ ಬೇರೆ. ಕಟ್ಟುನಿಟ್ಟೇ ಅದು? ನೀವೇ ಹೇಳಿ.

ಎರಡು ಸಾವಿರದ ಒಂದರಲ್ಲಿ ಅಪ್ಪ ಹಾಸಿಗೆ ಹಿಡಿದರು. ಆ ದೇಶ ಒಡೆದು ಹತ್ತು ವರ್ಷವಾಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಕೇಳಿದರು, ‘ಜಂಬೀ, ಆ ಊರಾಗಿನ ಹಮಾಲರು ಈಗ ಹೆಂಗದಾರ?’

‘ಚೊಲೋ ಅದಾರ ಅಪ್ಪಾ’ ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಗಂಜಿ ಸಾಕೆಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಹನ್ನೆರಡು ದಿನದ ಮೇಲೆ ತೀರಿಕೊಂಡರು.

ಸಭಿಕರೇ, ಆ ಕಾಗದಕ್ಕೆ ಈಗ ನೀವು ಕಟ್ಟು ಹಾಕಿಸಿ ಯೂನಿಯನ್ ಆಫೀಸಿನಲ್ಲಿ ತೂಗುಹಾಕಿದ್ದೀರಿ ಎಂದು ಶಶಿಕಾಂತ್ ಹೇಳಿದಾಗ ನನಗೆ ಕೂರಲಾಗಲಿಲ್ಲ. ಮೊನ್ನೆ ಕುರುಗೋಡಿಗೆ ಬಸ್ಸು ಹಿಡಿದೆ. ಎರ್ರಣ್ಣ ಮಾವನಿಗೆ ಈಗ ಎಪ್ಪತ್ತೈದು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಎಲ್ಲ ಹೇಳಿದೆ. ಹಗ್ಗ ಹೊಸೆಯುವುದನ್ನು ನಿಲ್ಲಿಸದೆ ಕೇಳಿದರು. ‘ಆಗಿದ್ದು ಆಗೇತಿ ಬಿಡವ್ವಾ’ ಎನ್ನುತ್ತಾರೆಂದು ನಾನು ಕಾದೆ. ಅವರು ಹಾಗೆ ಅನ್ನಲಿಲ್ಲ.

‘ನಿಮ್ಮಪ್ಪಗ ಯಾಕ ಹೇಳಲಿಲ್ಲ?’ ಎಂದರು.

‘ಧೈರ್ಯ ಆಗಲಿಲ್ಲ ಮಾವ.’

‘ಐವತ್ತು ಕಿಲೋ ಕೇಳಿದ್ದು ತಪ್ಪಲ್ಲ. ರಷ್ಯಾದಾಗ ಇರಲಿ ಬಿಡಲಿ, ನಾವು ಕೇಳಬೇಕಾದ್ದೇ ಅದು. ಆದ್ರ ಆ ರಷ್ಯಾದಾಂವ ಏನು ಮಾಡಿದ್ದ ನಿನಗ? ಅವನ ಹೇಣ್ತಿ ಮನಿಬಾಗಲಿಗೆ ಬಂದಾಗ ನೆನಪಿಲ್ಲ ಅಂದ್ಯಲ್ಲ.’ ಹೊಸೆದ ಹಗ್ಗವನ್ನು ಎಳೆದು ಬಿಗಿ ಮಾಡಿ, ‘ನನ್ನ ಮುಂದ ಹೇಳಿ ಏನ್ ಮಾಡ್ತಿ? ಸಭಾದಾಗ ಹೇಳು. ನಾ ಬಂದು ಕುಂದರ್ತೀನಿ’ ಎಂದರು.

ಬಂದಿದ್ದಾರೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ನನ್ನನ್ನು ಕ್ಷಮಿಸಿಲ್ಲ. ಅದು ಅವರಿಗೆ ಬಿಟ್ಟದ್ದು. ನಿಕೊಲಾಯ್ ಕುಟುಂಬವನ್ನು ಹುಡುಕಲು ಆ ಊರಿನ ಆಡಳಿತಕ್ಕೆ ಮೂರು ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ. ನಾಲ್ಕನೆಯದನ್ನೂ ಬರೆಯುತ್ತೇನೆ.

ಇಲ್ಲಿಗೆ ಮುಗಿಸಿ ಕೂರಬಹುದಿತ್ತು. ಆದರೆ ಒಂದು ಗಂಟೆಯ ಹಿಂದೆ ನಿಮ್ಮ ವಾರ್ಷಿಕ ವರದಿ ಓದಿದರಲ್ಲ, ಅದರಲ್ಲಿ ಒಂದು ವಾಕ್ಯ ಬಂತು: ‘ನಮ್ಮ ಶೆಡ್‌ನಲ್ಲಿ ಐವತ್ತು ಕಿಲೋ ಮೀರಿ ಯಾರೂ ಹೊರುವುದಿಲ್ಲ.’ ಅಧ್ಯಕ್ಷರೇ, ಹೋದ ಗುರುವಾರ ನಾನು ಶೆಡ್‌ಗೆ ಬಂದಿದ್ದೆ. ಸಿಮೆಂಟಿನ ಗೂಡ್ಸ್ ಗಾಡಿ ಖಾಲಿಯಾಗುತ್ತಿತ್ತು. ಚೀಲ ಐವತ್ತು ಕಿಲೋದ್ದೇ, ಸರಿ. ಆದರೆ ಒಬ್ಬೊಬ್ಬರ ಬೆನ್ನ ಮೇಲೆ ಎರಡೆರಡು ಚೀಲ! ಯಾಕಪ್ಪಾ ಎಂದು ಒಬ್ಬನನ್ನು ಕೇಳಿದೆ. ‘ತಾಸು ಎಣಿಸಿ ಕೊಟ್ಟಾರ್ರಿ ಅಮ್ಮಾರ, ಒಂದೊಂದು ಹೊತ್ರ ಹೊತ್ತಿಗೆ ಮುಗಿಯಂಗಿಲ್ಲ’ ಎಂದ. ಎರಡು ಐವತ್ತು ಸೇರಿದರೆ ಎಷ್ಟು? ನನ್ನ ಅಪ್ಪ ಹೊರುತ್ತಿದ್ದಷ್ಟೇ.

ಹೋದ ತಿಂಗಳು ಇದೇ ಶೆಡ್‌ನ ಹಮಾಲ ಚಿದಾನಂದಪ್ಪ ಹೀಗೆಯೇ ಎರಡು ಚೀಲ ಹೊತ್ತು ಹಲಗೆಯಿಂದ ಬಿದ್ದರು. ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಬೆನ್ನುಮೂಳೆಗೆ ಪೆಟ್ಟಾಗಿದೆ. ಅವರ ಪರಿಹಾರದ ಅರ್ಜಿ ಶಶಿಕಾಂತ್ ಅವರ ಕೈಚೀಲದಲ್ಲಿದೆ, ನಾನು ನೋಡಿದೆ. ‘ಹೊತ್ತಿದ್ದ ಭಾರ’ ಎಂಬ ಜಾಗ ಖಾಲಿ ಇದೆ. ಸಾಕ್ಷಿಯ ಜಾಗವೂ ಖಾಲಿ. ಯಾರೂ ಮುಂದೆ ಬಂದಿಲ್ಲವಂತೆ. ಕೆಲವರು ಐವತ್ತು ಎಂದೇ ಬರೆದುಬಿಡಿ, ತಂಟೆ ಬೇಡ ಎಂದರಂತೆ.

ಬೇಡ. ಐವತ್ತು ಎಂದು ಬರೆದರೆ ಏನಾಗುತ್ತದೆಂದು ನನಗೆ ಗೊತ್ತು. ನಾನು ಅಂದು ಅಲ್ಲಿರಲಿಲ್ಲ, ಇದ್ದಿದ್ದರೆ ನಾನೇ ಸಹಿ ಹಾಕುತ್ತಿದ್ದೆ. ನೀವು ಇದ್ದಿರಿ. ಹೆದರಿಕೆ ಇರುತ್ತದೆ, ಇಲ್ಲವೆನ್ನುವುದಿಲ್ಲ. ಎರ್ರಣ್ಣನಿಗೆ ಏನಾಯಿತೆಂದು ಈಗಷ್ಟೇ ಕೇಳಿದಿರಿ. ಆದರೂ ಕೇಳುತ್ತೇನೆ. ಚಿದಾನಂದಪ್ಪ ಬೀಳುವುದನ್ನು ಕಂಡವರು ಎದ್ದು ನಿಲ್ಲಿ. ನಾನು ಕಾಯುತ್ತೇನೆ. ನನಗೆ ಇವತ್ತು ಬೇರೆ ಕೆಲಸವಿಲ್ಲ.

ಪರವಾಗಿಲ್ಲ. ಕಾಯುತ್ತೇನೆ.

ಹಿಂದೆ ಯಾರೋ ನಿಂತರು. ಮುಂದಿನವರು ಸ್ವಲ್ಪ ಸರಿಯಿರಿ, ಮುಖ ಕಾಣಲಿ. ಶೆಡ್‌ನಲ್ಲಿ ಕಸ ಹೊಡೆಯುವ ಊರಮ್ಮನವರಲ್ಲವೇ? ನೀವು ಯೂನಿಯನ್ ಸದಸ್ಯರೂ ಅಲ್ಲ. ಬನ್ನಿ ತಾಯಿ, ನಡುವಿನ ದಾರಿಯಲ್ಲಿ ಬನ್ನಿ. ಚಪ್ಪಾಳೆ ಬೇಡ, ಅವರನ್ನು ಗಾಬರಿ ಮಾಡಬೇಡಿ. ಎಡಗಡೆ ಇನ್ನೊಬ್ಬರು ನಿಂತರು. ಇನ್ನಿಬ್ಬರು. ಬನ್ನಿ, ನೀವೂ ಬನ್ನಿ.

ನಾಲ್ಕು ಜನ. ಸಾಕು. ಉಳಿದವರ ಮೇಲೆ ನನಗೆ ಬೇಸರವಿಲ್ಲ. ನನಗೆ ನಲವತ್ತು ವರ್ಷ ಬೇಕಾಯಿತು.

ಶಶಿಕಾಂತ್, ಅರ್ಜಿ ಮೇಜಿನ ಮೇಲೆ ಇಡಿ. ಪೆನ್ನು ನನ್ನ ಹತ್ತಿರ ಇದೆ. ಅಧ್ಯಕ್ಷರೇ, ವರದಿಯ ಆ ವಾಕ್ಯವನ್ನು ಹೊಡೆದುಹಾಕಲು ಸಭೆಯ ಒಪ್ಪಿಗೆ ಕೇಳಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನಾನು ಈ ನಾಲ್ವರ ಜೊತೆ ಕಾರ್ಮಿಕ ಇಲಾಖೆಗೆ ಹೋಗುತ್ತೇನೆ. ಬರುವವರು ಬನ್ನಿ.

ಬಿಸಿಲಲ್ಲಿ ಬಂದು ಇಷ್ಟು ಹೊತ್ತು ಕೂತು ಕೇಳಿದಿರಿ, ಮಧ್ಯೆ ಎದ್ದು ಹೋಗಲಿಲ್ಲ. ಅದಕ್ಕೆ ನಾನು ಋಣಿ. ಕರೆದ ಯೂನಿಯನ್ನಿಗೆ, ಬಂದು ಕುಳಿತ ಎರ್ರಣ್ಣ ಮಾವನಿಗೆ ವಂದನೆಗಳು. ಎಲ್ಲರಿಗೂ ನಮಸ್ಕಾರ.

ಊರಮ್ಮ, ಇಲ್ಲಿ ನನ್ನ ಪಕ್ಕ ಕುಳಿತುಕೊಳ್ಳಿ. ಎಷ್ಟು ಚೀಲ ಇದ್ದವು, ನೀವು ಕಂಡದ್ದನ್ನು ಹೇಳಿ. ನಾನು ಬರೆಯುತ್ತೇನೆ.